ಎಂಸಿಬಿ ಕಾಯೋದು ವೈರನ್ನು, ನಿಮ್ಮನ್ನಲ್ಲ

ಒಂದೇ ಲೈನ್‌ನಲ್ಲಿ ಗೀಸರ್, ಇಂಡಕ್ಷನ್ ಸ್ಟವ್, ಇಸ್ತ್ರಿಪೆಟ್ಟಿಗೆ ಎಲ್ಲ ಹಾಕಿದ್ರೆ ಸ್ವಲ್ಪ ಹೊತ್ತಿಗೆ ಎಂಸಿಬಿ ಟಕ್ ಅಂತ ಬೀಳುತ್ತೆ. ಆ ಪುಟ್ಟ ಡಬ್ಬಿಯೊಳಗೆ ಕಾವಲು ಎರಡು. ಮೊದಲನೆಯದು, ಎರಡು ಬೇರೆ ಲೋಹಗಳನ್ನು ಬೆಸೆದ ಪಟ್ಟಿ. ಮಿತಿ ಮೀರಿದ ಕರೆಂಟ್ ಹರಿಯುತ್ತಲೇ ಇದ್ದರೆ ಅದು ಬಿಸಿಯಾಗಿ ಬಾಗಿ ಕೊಂಡಿ ಕಳಚುತ್ತದೆ. ಎರಡನೆಯದು ತಂತಿಯ ಸುರುಳಿ. ಶಾರ್ಟ್ ಸರ್ಕ್ಯೂಟ್ ಆದರೆ ಅದು ಅಯಸ್ಕಾಂತವಾಗಿ ಕ್ಷಣಾರ್ಧದಲ್ಲೇ ಕೊಂಡಿ ಕಳಚುತ್ತದೆ. ಸಂಪರ್ಕ ಬಿಡುವಾಗ ಏಳುವ ಕಿಡಿಯನ್ನು ಲೋಹದ ತಗಡುಗಳ ಸಾಲು ತುಂಡರಿಸಿ ಆರಿಸುತ್ತದೆ.

ಪದೇ ಪದೇ ಬೀಳುತ್ತೆ ಅಂತ 16 ಆಂಪಿಯರ್ ಜಾಗಕ್ಕೆ 32ರದ್ದು ಹಾಕಿಸುವ ಮಾಲೀಕರಿದ್ದಾರೆ. ವೈರ್ ಮಾತ್ರ ಹಳೆಯದೇ. ಆಗ ಎಂಸಿಬಿ ಸುಮ್ಮನಿರುತ್ತೆ, ಗೋಡೆಯೊಳಗೆ ವೈರ್ ಸುಡುತ್ತೆ.

ಶಾಕ್ ವಿಷಯವೇ ಬೇರೆ. ಆಗ ಮೈಯೊಳಗೆ ಹರಿಯೋದು ಸಾಮಾನ್ಯವಾಗಿ ಒಂದು ಆಂಪಿಯರ್‌ಗಿಂತಲೂ ಕಡಿಮೆ. ಜೀವ ತೆಗೆಯಲು ಅಷ್ಟು ಸಾಕು, ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಅದಕ್ಕೆ ಬೇಕಿರೋದು ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಅದು ತಾಳೆ ನೋಡುತ್ತೆ. ಮನೆಗೆ ಹಾಕುವಂಥದ್ದು 30 ಮಿಲಿಆಂಪಿಯರ್ ಭೂಮಿಗೆ ಸೋರಿದರೆ ಲೈನ್ ಕತ್ತರಿಸುತ್ತೆ. ಒಬ್ಬರೇ ಫೇಸ್, ನ್ಯೂಟ್ರಲ್ ಎರಡನ್ನೂ ಹಿಡಿದರೆ ಮಾತ್ರ ಅದಕ್ಕೂ ಗೊತ್ತಾಗಲ್ಲ.

ಬಾಡಿಗೆ ಮನೆ, ಪಿಜಿ ನೋಡೋಕೆ ಹೋದಾಗ ನೀರು, ವೈಫೈ ಕೇಳ್ತೀವಿ. ಮೇನ್ ಬೋರ್ಡ್‌ನಲ್ಲಿ ಟೆಸ್ಟ್ ಬಟನ್ ಇರುವ ಡಬ್ಬಿ ಇದೆಯಾ ಅಂತಲೂ ಕೇಳಿ. ಕರೆಂಟ್ ಇರುವಾಗ ಒತ್ತಿದರೆ ಅದು ಬೀಳಬೇಕು. ಬೀಳದಿದ್ದರೆ ಅಡ್ವಾನ್ಸ್ ಕೊಡುವ ಮೊದಲೇ ಸರಿ ಮಾಡಿಸಿಕೊಳ್ಳಿ.