ಕಪ್ಪು ಹುಳಿಯ ಚರಿತ್ರೆ

ಬೆಂಗಳೂರಿನಲ್ಲಿ ‘ಕೂರ್ಗ್ ಸ್ಟೈಲ್’ ಅಂತ ಬರೆದ ಮೆನುಗಳಿಗೆ ಬರವಿಲ್ಲ. ಆದರೆ ಕೊಡವರ ಅಡುಗೆಯ ಚರಿತ್ರೆ ಓದಬೇಕಾದರೆ ಮಡಿಕೇರಿಯಿಂದ ವಿರಾಜಪೇಟೆ ಕಡೆ ಹೊರಟು, ಮೂರ್ನಾಡಿನ ಆಸುಪಾಸಿನಲ್ಲಿ ಸುತ್ತ ಕಣ್ಣಾಡಿಸಿ. ತಗ್ಗಿನಲ್ಲಿ ಗದ್ದೆ, ಏರಿನಲ್ಲಿ ಕಾಫಿ, ನೆರಳಿನ ಮರಗಳಿಗೆ ಹಬ್ಬಿದ ಕಾಳುಮೆಣಸು.

ಮೊದಲು ಗದ್ದೆ. ಮಳೆ ಸುರಿಯುವ ಈ ನಾಡಿಗೆ ಅಕ್ಕಿಯೇ ಆಧಾರ. ತರಿಯ ಉಂಡೆ ಕಡಂಬುಟ್ಟು, ಒತ್ತುಶಾವಿಗೆಯಂಥ ನೂಪುಟ್ಟು, ತೆಂಗಿನಕಾಯಿ-ಹಾಲು ಸೇರಿಸಿ ಹಬೆಯಲ್ಲಿ ಬೇಯಿಸುವ ಪಾಪುಟ್ಟು, ಅನ್ನ-ಹಿಟ್ಟು ಕಲಸಿ ತಟ್ಟುವ ಅಕ್ಕಿ ಒಟ್ಟಿ. ನೂಪುಟ್ಟು ಮಲಬಾರಿನ ನೂಲ್‌ಪುಟ್ಟಿಗೆ ತಂಗಿ. ಕಡಂಬುಟ್ಟು ನೋಡಿದರೆ ತುಳುನಾಡಿನವರು ‘ಇದು ನಮ್ಮ ಪುಂಡಿ ಅಲ್ವಾ’ ಅಂತಾರೆ. ಘಟ್ಟ ಎಷ್ಟೇ ಎತ್ತರವಿದ್ದರೂ ಅಡುಗೆಗೆ ಅದು ಗೋಡೆಯಾಗಲಿಲ್ಲ.

ಹಂದಿ ಮಾಂಸದ ಕಥೆ ಬೇರೆ. 1834ರವರೆಗೆ ಕೊಡಗನ್ನು ಆಳಿದ ಹಾಲೇರಿ ಅರಸರು ಲಿಂಗಾಯತ ಮನೆತನದವರು. ಆದರೂ ಐನ್‌ಮನೆಗಳ ಒಲೆಯ ಮೇಲೆ ಪಂದಿಕರಿ ಕುದಿಯುತ್ತಲೇ ಇತ್ತು. ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್‌ನಲ್ಲಿ ಆಯುಧಗಳಿಗೆ ಪೂಜೆ. ಗದ್ದೆ ಕೆಲಸ ಮುಗಿಯಿತು, ಇನ್ನು ಬೇಟೆ ಅನ್ನುವ ಲೆಕ್ಕ. 1972ರ ವನ್ಯಜೀವಿ ಕಾಯ್ದೆಯ ನಂತರ ಆ ಬೇಟೆ ನಿಂತಿತು. ಕಾಡುಹಂದಿಯ ಜಾಗಕ್ಕೆ ಸಾಕಿದ ಹಂದಿ ಬಂತು, ಹಬ್ಬದೂಟ ಉಳಿಯಿತು.

ಇನ್ನು ಖಾರ. ಕಾಳುಮೆಣಸು ಈ ಘಟ್ಟದ್ದೇ. ಮೆಣಸಿನಕಾಯಿ ಮಾತ್ರ ಅಟ್ಲಾಂಟಿಕ್ ಆಚೆಯ ಅಮೆರಿಕದಿಂದ ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ‘ಅಪ್ಪಟ’ ಅಂತ ನಾವು ಚಪ್ಪರಿಸುವ ಮಸಾಲೆಯಲ್ಲೂ ಪರದೇಶಿ ಇದ್ದಾನೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಕಾಫಿ ಎಸ್ಟೇಟ್ ತೆರೆದ. ಆಮೇಲೆ ಏರುಗಳ ಬಣ್ಣವೇ ಬದಲಾಯಿತು.

ಇಷ್ಟೆಲ್ಲ ಬಂದರೂ ಪಂದಿಕರಿಗೆ ಗುರುತು ಕೊಟ್ಟಿದ್ದು ಕಾಚಂಪುಳಿ. ಇದೇ ಮರದ ಹಣ್ಣಿನ ಸಿಪ್ಪೆಯನ್ನು ಮಲಯಾಳಿಗಳು ಒಣಗಿಸಿ ಮೀನುಸಾರಿಗೆ ಕುಡಂಪುಳಿ ಮಾಡಿಕೊಂಡರು. ಉತ್ತರ ಕನ್ನಡದಲ್ಲಿ ಇದು ಉಪ್ಪಾಗೆ. ಕೊಡವರು ಮಾತ್ರ ರಸ ಹಿಡಿದರು. ಮಳೆಗಾಲದಲ್ಲಿ ಉದುರಿದ ಹಣ್ಣನ್ನು ಬುಟ್ಟಿಯಲ್ಲಿಟ್ಟು, ಕೆಳಗೆ ಪಾತ್ರೆ ಇಟ್ಟು, ದಿನಗಟ್ಟಲೆ ತೊಟ್ಟಿಕ್ಕಲು ಬಿಡುತ್ತಾರೆ. ಆ ರಸವನ್ನು ಕಪ್ಪಗೆ, ಗಟ್ಟಿಯಾಗುವವರೆಗೆ ಕಾಯಿಸಿದರೆ ವರ್ಷಗಟ್ಟಲೆ ಕೆಡಲ್ಲ. ಕೊಬ್ಬಿನ ಮಾಂಸಕ್ಕೆ ಹುಳಿಯೂ ಬಣ್ಣವೂ ಅದರಿಂದಲೇ. ಕರಿ ಬೇಗ ಹಳಸುವುದಿಲ್ಲ ಅನ್ನುವುದು ಇನ್ನೊಂದು ಲಾಭ.

ಹೋಟೆಲುಗಳಲ್ಲಿ ಈಗ ಬಹಳ ಸಲ ವಿನೆಗರ್ ಅಥವಾ ಹುಣಸೆಹುಳಿ. ಅದು ಅಗ್ಗ, ಕಾಯುವ ಕೆಲಸವೂ ಇಲ್ಲ. ‘ಅಡುಗೆ ಬದಲಾಗುತ್ತಲೇ ಬಂದಿದೆಯಲ್ಲ, ಇದೂ ಒಂದು ಬದಲಾವಣೆ’ ಅನ್ನಬಹುದು. ಆದರೆ ಎರಡಕ್ಕೂ ವ್ಯತ್ಯಾಸವಿದೆ. ಮೆಣಸಿನಕಾಯಿ ಬಂದಾಗ ಕಾಳುಮೆಣಸು ಮನೆ ಬಿಡಲಿಲ್ಲ, ಎರಡೂ ಒಂದೇ ಪಾತ್ರೆಯಲ್ಲಿ ಸೇರಿದವು. ವಿನೆಗರ್ ಬಂದರೆ ಕಾಚಂಪುಳಿ ಹೊರಗೆ ಹೋಗುತ್ತದೆ. ಅದರ ಹಿಂದೆಯೇ ಹಣ್ಣು ಆರಿಸುವ ಕೈ, ರಸ ಕಾಯಿಸುವ ಹದ, ಕೊನೆಗೆ ತೋಟದಲ್ಲಿ ಆ ಮರ ಉಳಿಸಿಕೊಳ್ಳುವ ಕಾರಣವೂ.

ಮುಂದಿನ ಸಲ ಆರ್ಡರ್ ಮಾಡುವಾಗ ‘ಹುಳಿಗೆ ಏನು ಹಾಕ್ತೀರಾ?’ ಅಂತ ಒಂದು ಮಾತು ಕೇಳಿ. ಗಿರಾಕಿ ಕೇಳಿದರೆ ಹೋಟೆಲಿನವರು ತರಿಸುತ್ತಾರೆ.