ಒಂದು ವಲಸೆ ಕುಟುಂಬ: ಬರೆದವರು ಮತ್ತು ಬರೆಯದೆ ಬಿಟ್ಟವರು

ವಂಶದ ಇತಿಹಾಸ ಎಂದೊಡನೆ ನಮಗೆ ನೆನಪಾಗುವುದು ರಾಜಮನೆತನಗಳು. ಕಮ್ಮಾರನ ಮನೆಗೆ, ಸಾಬೂನು ಮಾಡುವವನ ಮನೆಗೆ ಇತಿಹಾಸವಿಲ್ಲವೆ? ಖಂಡಿತವಾಗಿ ಇದೆ. ಆದರೆ ಅದು ಉಳಿಯಬೇಕಾದರೆ ಯಾರಾದರೂ ಬರೆದಿಡಬೇಕು. ಇಂಗ್ಲೆಂಡಿನಿಂದ ಅಮೆರಿಕದ ವಸಾಹತಿಗೆ ಹೋಗಿ ನೆಲೆಸಿದ ಜೋಸಯಾ ಫ್ರ್ಯಾಂಕ್ಲಿನ್‌ನ ಮನೆತನ ಇದಕ್ಕೆ ಒಳ್ಳೆಯ ಉದಾಹರಣೆ. ಮುಂದೆ ವಿಜ್ಞಾನಿಯೂ ರಾಜನೀತಿಜ್ಞನೂ ಎಂದು ಪ್ರಸಿದ್ಧನಾದ ಬೆಂಜಮಿನ್ ಫ್ರ್ಯಾಂಕ್ಲಿನ್ ಇವನ ಮಗ.

ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರ್ ಪ್ರಾಂತ್ಯದ ಎಕ್ಟನ್ ಎಂಬ ಹಳ್ಳಿ ಈ ಮನೆತನದ ಮೂಲ. ಅಲ್ಲಿ ಅವರಿಗೆ ಸುಮಾರು 30 ಎಕರೆ ಜಮೀನು, ಜೊತೆಗೆ ಕಮ್ಮಾರಿಕೆ. ಹಿರಿಯ ಮಗ ಕುಲುಮೆಯನ್ನು ಮುಂದುವರಿಸುವುದು ಮನೆಯ ಪದ್ಧತಿ. ಮೇರಿ ರಾಣಿಯ ಆಳ್ವಿಕೆಯಲ್ಲಿ (1553-1558) ಪ್ರಾಟೆಸ್ಟಂಟರಿಗೆ ಕಿರುಕುಳವಿದ್ದಾಗ ಈ ಮನೆಯವರು ಬೈಬಲನ್ನು ಒಂದು ಪೀಠದ ಅಡಿಭಾಗಕ್ಕೆ ಪಟ್ಟಿಯಿಂದ ಕಟ್ಟಿ ಬಚ್ಚಿಟ್ಟಿದ್ದರಂತೆ. ಹಿರಿಯನು ಪೀಠವನ್ನು ಮಗುಚಿ ಮೊಣಕಾಲ ಮೇಲಿಟ್ಟುಕೊಂಡು ಓದುವಾಗ, ಅಧಿಕಾರಿ ಬಂದಾನೆಂದು ಒಂದು ಮಗು ಬಾಗಿಲಲ್ಲಿ ಕಾವಲು ನಿಲ್ಲುತ್ತಿತ್ತು.

ಜೋಸಯಾ ಹುಟ್ಟಿದ್ದು 1657ರಲ್ಲಿ. ಕಲಿತದ್ದು ಬಟ್ಟೆಗೆ ಬಣ್ಣ ಹಾಕುವ ಕಸಬು. ಸರ್ಕಾರಿ ಚರ್ಚಿನಿಂದ ಬೇರೆಯಾಗಿ ಪ್ರಾರ್ಥನೆ ನಡೆಸುವುದನ್ನು ಕಾನೂನು ನಿಷೇಧಿಸಿದ್ದ ಕಾಲವದು. ತಮ್ಮ ನಂಬಿಕೆಯಂತೆ ಬದುಕಲು ಪರಿಚಿತರು ಕೆಲವರು ಅಮೆರಿಕಕ್ಕೆ ಹೊರಟಾಗ, ಜೋಸಯಾ ಕೂಡ 1683ರಲ್ಲಿ ಹೆಂಡತಿ ಆನ್ ಮತ್ತು ಮೂರು ಮಕ್ಕಳೊಂದಿಗೆ ಬಾಸ್ಟನ್ ಸೇರಿದ. ಅಲ್ಲಿ ಬಣ್ಣದ ಕೆಲಸಕ್ಕೆ ಗಿರಾಕಿಗಳು ಕಡಿಮೆ. ಹೀಗಾಗಿ ಪ್ರಾಣಿಗಳ ಕೊಬ್ಬು ಕರಗಿಸಿ ದೀಪದ ಬತ್ತಿ ಮತ್ತು ಸಾಬೂನು ಮಾಡುವ ಕೆಲಸಕ್ಕೆ ಇಳಿದ. ಆನ್‌ಳಿಗೆ ಒಟ್ಟು ಏಳು ಮಕ್ಕಳಾದವು. 1689ರಲ್ಲಿ ಅವಳು ತೀರಿಕೊಂಡಳು. ಅದೇ ವರ್ಷ ಜೋಸಯಾ ನ್ಯಾನ್‌ಟಕೆಟ್ ದ್ವೀಪದ ಅಬಯಾ ಫೋಲ್ಜರ್ ಎಂಬುವಳನ್ನು ಮದುವೆಯಾದ. ಇವಳಿಗೆ ಹತ್ತು ಮಕ್ಕಳು. ಹದಿನೇಳರಲ್ಲಿ ಕೊನೆಯ ಗಂಡುಮಗು ಬೆಂಜಮಿನ್ (1706). ಎಲ್ಲರಿಗಿಂತ ಕಿರಿಯಳು ಜೇನ್ (1712).

ಈ ವಿವರಗಳು ನಮಗೆ ಹೇಗೆ ತಿಳಿದವು? 1758ರಲ್ಲಿ ಬೆಂಜಮಿನ್ ಮಗ ವಿಲಿಯಂನೊಂದಿಗೆ ಎಕ್ಟನ್‌ಗೆ ಹೋದ. ಅಲ್ಲಿನ ಚರ್ಚಿನ ಪುಸ್ತಕದಲ್ಲಿ 1555ರಿಂದ ಜನನ, ಮದುವೆ, ಮರಣಗಳ ದಾಖಲೆಯಿತ್ತು. ತಾನು ಐದು ತಲೆಮಾರುಗಳಿಂದ ಕಿರಿಯ ಮಗನ ಕಿರಿಯ ಮಗ ಎಂಬುದು ಅವನಿಗೆ ಅದರಿಂದ ಗೊತ್ತಾಯಿತು. ಚರ್ಚಿನ ಅಂಗಳದ ಸಮಾಧಿಕಲ್ಲುಗಳು ಪಾಚಿಯಿಂದ ಮುಚ್ಚಿಹೋಗಿದ್ದವು. ಆಗ ಬ್ರಷ್ಷು, ನೀರು ತರಿಸಲಾಯಿತು. ಪೀಟರ್ ಎಂಬಾತ ಕಲ್ಲುಗಳನ್ನು ಉಜ್ಜಿ ತೊಳೆದ. ವಿಲಿಯಂ ಅಕ್ಷರಗಳನ್ನು ನಕಲು ಮಾಡಿಕೊಂಡ. ಬೆಂಜಮಿನ್ ಇದನ್ನೆಲ್ಲ ಹೆಂಡತಿಗೆ ಪತ್ರದಲ್ಲಿ ಬರೆದ. 1771ರಲ್ಲಿ ಮಗನಿಗೆ ಪತ್ರದ ರೂಪದಲ್ಲೇ ಆತ್ಮಕಥೆಯನ್ನು ಆರಂಭಿಸಿದ.

ಈ ಪೀಟರ್ ಯಾರು? ಫ್ರ್ಯಾಂಕ್ಲಿನ್ ಅಮೆರಿಕದಿಂದ ಕರೆತಂದಿದ್ದ ಗುಲಾಮ. ಯಜಮಾನನ ಪೂರ್ವಜರ ಹೆಸರುಗಳನ್ನು ಬೆಳಕಿಗೆ ತಂದದ್ದು ಅವನ ಕೈ. ಆದರೆ ಪತ್ರದಲ್ಲಿ ಅವನಿಗಿರುವುದು ಈ ಒಂದೇ ಹೆಸರು. ತಂದೆಯ ಹೆಸರಿಲ್ಲ, ಊರಿಲ್ಲ. ಅದೇ ಫ್ರ್ಯಾಂಕ್ಲಿನ್ 1787ರಲ್ಲಿ ಪೆನ್ಸಿಲ್ವೇನಿಯಾದ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷನಾದನೆಂಬುದೂ ಇತಿಹಾಸವೇ.

ಇನ್ನು ತಂಗಿ ಜೇನ್. ಬೆಂಜಮಿನ್‌ಗೆ ಎರಡು ವರ್ಷವಾದರೂ ಶಾಲೆ ಸಿಕ್ಕಿತು. ಹೆಣ್ಣುಮಕ್ಕಳಿಗೆ ಬಾಸ್ಟನ್ನಿನ ಸಾರ್ವಜನಿಕ ಶಾಲೆಗಳಲ್ಲಿ ಪ್ರವೇಶವಿರಲಿಲ್ಲ. 1727ರಲ್ಲಿ, ಹದಿನೈದನೆಯ ವಯಸ್ಸಿಗೆ, ಕುದುರೆಯ ಜೀನು ಮಾಡುವವನೊಬ್ಬನೊಂದಿಗೆ ಅವಳ ಮದುವೆಯಾಯಿತು. ಹನ್ನೆರಡು ಮಕ್ಕಳನ್ನು ಹೆತ್ತಳು. ಹನ್ನೊಂದು ಮಕ್ಕಳು ಅವಳ ಕಣ್ಣೆದುರೇ ಅಳಿದವು. ಕಾಗದಗಳನ್ನು ಮಡಿಸಿ, ದಾರದಿಂದ ಹೊಲಿದು ಅವಳು ಒಂದು ಪುಟ್ಟ ಪುಸ್ತಕ ಮಾಡಿಕೊಂಡಿದ್ದಳು. ಅದಕ್ಕೆ ‘ವಯಸ್ಸುಗಳ ಪುಸ್ತಕ’ ಎಂಬ ಅರ್ಥದ ಹೆಸರಿಟ್ಟು, ತನ್ನವರ ಜನನ ಮರಣಗಳನ್ನು ಅದರಲ್ಲಿ ಬರೆದಳು. ಅಣ್ಣ ಅವಳಿಗೆ ಬರೆದಷ್ಟು ಪತ್ರಗಳನ್ನು ಬೇರೆ ಯಾರಿಗೂ ಬರೆಯಲಿಲ್ಲ. ಆದರೂ ಅವನ ಆತ್ಮಕಥೆಯಲ್ಲಿ ಜೇನ್‌ಳ ಹೆಸರಿಲ್ಲ. ಆ ಪುಸ್ತಕ ಬಾಸ್ಟನ್ನಿನ ವಂಶಾವಳಿ ಸಂಸ್ಥೆಯೊಂದರಲ್ಲಿ ಉಳಿದುಬಂದಿದೆ. ಅದು ಉಳಿಯದಿದ್ದರೆ ಆ ಮಕ್ಕಳಲ್ಲಿ ಅನೇಕರ ಬದುಕು ಸುಳಿವಿಲ್ಲದೆ ಹೋಗುತ್ತಿತ್ತು.

ಒಂದೇ ಮನೆಯ ಮೂವರನ್ನು ನೋಡಿದೆವು. ಅಣ್ಣನ ಬರಹವನ್ನು ಲೋಕವೇ ಓದಿತು. ತಂಗಿಯ ಬರಹ ಸುಮಾರು ಹದಿನಾರು ಪುಟ. ಕಲ್ಲು ತೊಳೆದವನು ಇನ್ನೊಬ್ಬರ ಬರಹಗಳಲ್ಲಿ ಮಾತ್ರ ಬದುಕಿದ್ದಾನೆ. ಬದುಕಿನ ಬೆಲೆಗೂ ದಾಖಲೆಯ ಗಾತ್ರಕ್ಕೂ ಸಂಬಂಧವಿಲ್ಲ. ವಿದ್ಯಾರ್ಥಿಗಳು ಯಾವ ವಂಶಾವಳಿಯನ್ನು ಓದುವಾಗಲೂ ಇದನ್ನು ಬರೆದವರು ಯಾರು ಎಂದು ಕೇಳಬೇಕು. ಇದರಲ್ಲಿ ಹೆಸರಿಲ್ಲದೆ ದುಡಿದವರು ಯಾರು ಎಂದೂ ಕೇಳಬೇಕು.