ಎರವಲು ವೇಷದ ವಾದಕ: ‘ಸಮ್ ಲೈಕ್ ಇಟ್ ಹಾಟ್’ ಚಿತ್ರದಲ್ಲಿ ವಂಚನೆಯ ಸ್ವರೂಪ

ಬಿಲ್ಲಿ ವೈಲ್ಡರ್ ನಿರ್ದೇಶನದ ‘ಸಮ್ ಲೈಕ್ ಇಟ್ ಹಾಟ್’ (1959) ಕುರಿತ ಚರ್ಚೆ ಬಹುಮಟ್ಟಿಗೆ ಗಂಡಸರ ಹೆಣ್ಣುವೇಷದ ಸುತ್ತಲೇ ಸುತ್ತುತ್ತದೆ. ಸ್ಯಾಕ್ಸೊಫೋನ್ ವಾದಕ ಜೋ (ಟೋನಿ ಕರ್ಟಿಸ್) ಹಾಕುವ ಇನ್ನೊಂದು ವೇಷವೇ ನಿಜವಾದ ಮೋಸ ಎಂಬುದು ಈ ಲೇಖನದ ವಾದ.

ಚಿತ್ರದ ಮೂಲ 1935ರ ಫ್ರೆಂಚ್ ಸಿನಿಮಾ ‘ಫಾನ್‌ಫಾರ್ ದಾಮೂರ್’. ಅದರಲ್ಲಿ ವಾದಕರು ವೇಷ ಹಾಕುವುದು ಹೊಟ್ಟೆಪಾಡಿಗೆ. ವೈಲ್ಡರ್ ಮತ್ತು ಸಹಲೇಖಕ ಐ.ಎ.ಎಲ್. ಡೈಮಂಡ್ ಇದಕ್ಕೆ 1929ರ ಷಿಕಾಗೊದ ಸಾಮೂಹಿಕ ಹತ್ಯೆಯನ್ನು ಸೇರಿಸಿದರು. ಕೊಲೆಯನ್ನು ಕಣ್ಣಾರೆ ಕಂಡ ಜೋ ಮತ್ತು ಜೆರ್ರಿ (ಜಾಕ್ ಲೆಮನ್) ಹೆಂಗಸರ ವಾದ್ಯವೃಂದ ಸೇರಿ ಫ್ಲಾರಿಡಾಕ್ಕೆ ಓಡುತ್ತಾರೆ. ಜೀವ ಉಳಿಸಿಕೊಳ್ಳಲು ಹಾಕಿದ ವೇಷವನ್ನು ಪ್ರೇಕ್ಷಕ ಸುಲಭವಾಗಿ ಮನ್ನಿಸುತ್ತಾನೆ.

ಎರಡನೆಯ ವೇಷಕ್ಕೆ ಆ ರಿಯಾಯಿತಿ ಇಲ್ಲ. ಸ್ಯಾಕ್ಸೊಫೋನ್ ನುಡಿಸುವವರನ್ನು ನಂಬಿ ಕೆಟ್ಟೆ, ಇನ್ನು ಕನ್ನಡಕ ಹಾಕಿದ ಸಾಧು ಸಿರಿವಂತ ಬೇಕು ಎಂದು ಗಾಯಕಿ ಷುಗರ್ (ಮರ್ಲಿನ್ ಮನ್ರೊ) ‘ಗೆಳತಿ’ ಜೋಸೆಫೀನಳೆದುರು ಮನಬಿಚ್ಚುತ್ತಾಳೆ. ಆ ಗೆಳತಿ ಜೋನೇ. ಕೇಳಿದ್ದನ್ನೆಲ್ಲ ಬಳಸಿಕೊಂಡು ಅವನು ತೈಲ ಕಂಪನಿಯ ವಾರಸುದಾರನಾಗುತ್ತಾನೆ. ಬಟ್ಟೆ, ಕನ್ನಡಕ ವಾದ್ಯವೃಂದದ ಮ್ಯಾನೇಜರನಿಂದ ಕದ್ದದ್ದು. ವಿಹಾರನೌಕೆ ಆಸ್‌ಗುಡ್ ಎಂಬ ಮುದುಕನದು. ದನಿ ಕ್ಯಾರಿ ಗ್ರಾಂಟನದು. (ಗ್ರಾಂಟ್ ಸಿನಿಮಾಕ್ಕೆ ಬಂದದ್ದೇ 1932ರಲ್ಲಿ, ಕಾಲದ ಈ ಎಡವಟ್ಟಿಗೆ ವೈಲ್ಡರ್ ತಲೆ ಕೆಡಿಸಿಕೊಂಡಂತಿಲ್ಲ.)

ಜೋನ ಸ್ವಂತದ್ದೆಂದು ಉಳಿಯುವುದು ಸಂಗೀತವೊಂದೇ. ಅದನ್ನೂ ಅವನು ಅಲ್ಲಗಳೆಯುತ್ತಾನೆ. ಕಡಲತೀರದ ದೃಶ್ಯದಲ್ಲಿ ಜಾಝ್ ಕುರಿತು ಮೂಗು ಮುರಿದು, ತನಗೆ ಶಾಸ್ತ್ರೀಯ ಸಂಗೀತವೇ ಇಷ್ಟ ಎನ್ನುತ್ತಾನೆ. ಚಿತ್ರದ ಹೆಸರು ಹುಟ್ಟುವುದು ಈ ಸುಳ್ಳಿನಿಂದಲೇ. ಷುಗರ್ ಕೂಡ ಹಿಂದೆ ಬೀಳುವುದಿಲ್ಲ: ತಾನು ಸಂಗೀತ ವಿದ್ಯಾಲಯದಲ್ಲಿ ಮೂರು ವರ್ಷ ಕಲಿತವಳೆಂದು ಬೊಗಳೆ ಬಿಡುತ್ತಾಳೆ. ಹೊಟ್ಟೆಗೆ ಅನ್ನ ಕೊಡುವ ಕಲೆಯನ್ನು ಇಬ್ಬರು ಕಲಾವಿದರು ಪರಸ್ಪರ ಮರೆಮಾಚುವ ಈ ಪ್ರಸಂಗ, ಹೆಣ್ಣುವೇಷದ ನಗೆಗಿಂತ ಹರಿತವಾದ ವಿಡಂಬನೆ.

ಕೊನೆಗೆ ಜೋ ತಾನು ಸುಳ್ಳುಗಾರ, ಸ್ಯಾಕ್ಸೊಫೋನ್ ವಾದಕ ಎಂದು ಒಪ್ಪಿಕೊಳ್ಳುತ್ತಾನೆ, ಷುಗರ್ ಕ್ಷಮಿಸಿಬಿಡುತ್ತಾಳೆ. ಆದರೆ ಅದಕ್ಕೂ ಮೊದಲು ಅವಳನ್ನು ಬಿಟ್ಟುಹೋಗುವಾಗ ಅವನು ಕೊಟ್ಟ ವಜ್ರದ ಕಡಗವೂ, ಆಸ್‌ಗುಡ್ ಹೆಣ್ಣುವೇಷದ ಜೆರ್ರಿಗೆ ಕೊಟ್ಟದ್ದು. ಪಶ್ಚಾತ್ತಾಪದ ಬೆಲೆಯನ್ನೂ ಗೆಳೆಯನಿಂದಲೇ ತೆರಿಸಿದ ವಂಚಕನನ್ನು ಚಿತ್ರ ತೀರಾ ಅಗ್ಗಕ್ಕೆ ಬಿಟ್ಟುಬಿಟ್ಟಿದೆ.